ಬಿ.ಕಾಂ ಪುಸ್ತಕದ ಇಡೀ ಸೆಟ್ ತಗೊಳ್ಳಲೇಬೇಕಾ?

ತೋಟದ ಹೆಗಡೆ
ಮಗಳು ಶಿರಸಿಯಲ್ಲಿ ಬಿ.ಕಾಂ ಮೊದಲ ಸೆಮಿಸ್ಟರ್‌ಗೆ ಸೇರಿದ್ದಾಳೆ. ಕ್ಲಾಸಿನಲ್ಲಿ ಪುಸ್ತಕದ ಪಟ್ಟಿ ಕೊಟ್ಟಿದ್ದಾರೆ. ಎಲ್ಲವೂ ಒಂದೇ ಪ್ರಕಾಶಕರದ್ದು, ಸಿಗುವುದೂ ಒಂದೇ ಅಂಗಡಿಯಲ್ಲಿ. ಬಿಡಿಯಾಗಿ ಕೊಡುವುದಿಲ್ಲವಂತೆ. ಸೆಟ್ಟಿಗೆ 1,640 ರೂಪಾಯಿ, ಗೈಡ್ ಬೇರೆ. ಅಡಿಕೆ ಟೆಂಡರಿಗೆ ಇಟ್ಟರೆ ಹತ್ತು ವ್ಯಾಪಾರಿಗಳು ದರ ಬರೆಯುತ್ತಾರೆ, ಒಪ್ಪದಿದ್ದರೆ ನಾನು ಕೊಡದೇ ಇರಬಹುದು. ಇಲ್ಲಿ ಕೊಳ್ಳುವವನಿಗೆ ಆಯ್ಕೆಯೇ ಇಲ್ಲ ಅಲ್ವಾ? ಏನು ಮಾಡುವುದು?

ಐದನೇ ಸೆಮ್
ಹೆಗಡೇರೆ, ಸೆಟ್ ಕಡ್ಡಾಯ ಅಂತ ಎಲ್ಲೂ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಸಿಲೆಬಸ್ ಪಿಡಿಎಫ್ ತೆಗೆದು ನೋಡಿ. ಪೇಪರಿನ ಕೊನೆಗೆ ಬೇರೆ ಬೇರೆ ಲೇಖಕರ ಪುಸ್ತಕಗಳ ಹೆಸರು ಇರುತ್ತವೆ. ಯಾವುದನ್ನು ಓದಿದರೂ ಆಯಿತು, ಯುನಿಟ್ ತಾಳೆಯಾದರೆ ಸಾಕು. ಹಳೆಯದು ತಗೊಳ್ಳುವಾಗ ಮಾತ್ರ ಎಚ್ಚರ. 2021–22ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಬಂತು. 2024–25ರಿಂದ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಡಿಗ್ರಿ ಮಾಡಿದರು, ಸಿಲೆಬಸ್ಸೂ ಬದಲಾಯಿತು. ಎನ್‌ಇಪಿ ಬ್ಯಾಚಿನವರು ಪುಕ್ಕಟೆ ಕೊಟ್ಟರೂ ನೋಡದೆ ತರಬೇಡಿ.

ಕುಮಟಾ ಪುಸ್ತಕದಂಗಡಿ
ನಮ್ಮ ಕಷ್ಟವನ್ನೂ ಸ್ವಲ್ಪ ಕೇಳಿ. ಯಾವ ಪುಸ್ತಕ ಅಂತ ಹೇಳುವವರು ಮೇಷ್ಟ್ರು, ದುಡ್ಡು ಕೊಡುವವರು ನೀವು. ಅದಕ್ಕೇ ಪ್ರಕಾಶಕರ ಏಜೆಂಟ್ ನನ್ನ ಅಂಗಡಿಗಿಂತ ಮೊದಲು ಸ್ಟಾಫ್ ರೂಮಿಗೆ ಹೋಗುತ್ತಾನೆ, ಸ್ಯಾಂಪಲ್ ಪ್ರತಿ ಹಂಚುತ್ತಾನೆ. ಅಲ್ಲಿ ದರದ ಮಾತೇ ಬರುವುದಿಲ್ಲ. ಆಯ್ಕೆ ಇರಲಿ ಅಂತ ನಾನು ನಾಲ್ಕು ಪ್ರಕಾಶಕರದ್ದು ತರಿಸಿದರೆ, ಉಳಿದದ್ದನ್ನು ವಾಪಸ್ ತಗೊಳ್ಳುವುದಿಲ್ಲ. ಸಿಲೆಬಸ್ ಬದಲಾದ ದಿನ ಅದು ರದ್ದಿ. ಆದರೂ ಬಿಡಿಯಾಗಿ ಕೊಡುವುದಿಲ್ಲ ಅನ್ನುವುದು ನ್ಯಾಯ ಅಲ್ಲ. ಒಂದೊಂದರ ಮೇಲೂ ಬೆಲೆ ಅಚ್ಚಾಗಿದೆಯಲ್ಲ! ಗಟ್ಟಿಯಾಗಿ ಕೇಳಿ.

ತೋಟದ ಹೆಗಡೆ
ಓಹೋ, ಸ್ಟಾಫ್ ರೂಮಿನ ಸಂಗತಿ ಗೊತ್ತಿರಲಿಲ್ಲ. ಹಾಗಾದರೆ ಹೊಸ ಪುಸ್ತಕಕ್ಕೆ ನಿಜವಾಗಿ ಪೈಪೋಟಿ ಕೊಡುವುದು ಕಳೆದ ವರ್ಷದ ಹಳೆ ಪುಸ್ತಕ ಒಂದೇ. ಸಿಲೆಬಸ್ ಬದಲಾದಾಗಲೆಲ್ಲ ಅದೂ ಇಲ್ಲ. ಯಾರಿಗೆ ಲಾಭ ಅಂತ ನಾನು ಹೇಳಬೇಕಾಗಿಲ್ಲ. ಇರಲಿ, ಜೆರಾಕ್ಸ್ ಮಾಡಿಸಬಹುದಾ? ಕೇಸ್ ಆಗುತ್ತದೆ ಅಂತ ಪಕ್ಕದ ಮನೆಯವರು ಸುಮ್ನೆ ಹೆದರಿಸುತ್ತಿದ್ದಾರೆ.

ಕಾರವಾರ ಟೀಚರ್ (ನಿವೃತ್ತ)
ಪೂರ್ತಿ ಸುಮ್ನೆ ಅಲ್ಲ. ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಟೇಲರ್ ಆಂಡ್ ಫ್ರಾನ್ಸಿಸ್ ಪ್ರಕಾಶಕರು 2012ರಲ್ಲಿ ಕೇಸ್ ಹಾಕಿದ್ದರು. ಪಾಠಕ್ಕೆ ಬೇಕಾದ ಭಾಗ ನಕಲು ಮಾಡುವುದು ಕಾಪಿರೈಟ್ ಉಲ್ಲಂಘನೆ ಅಲ್ಲ ಅಂತ 2016ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2017ರಲ್ಲಿ ಪ್ರಕಾಶಕರು ಕೇಸ್ ವಾಪಸ್ ತಗೊಂಡರು. ಹಾಗಂತ ಇಡೀ ಪುಸ್ತಕ ನಕಲು ಮಾಡಿ, ಬೈಂಡ್ ಹಾಕಿ ಮಾರಿದರೆ ಬೇರೆ ಕಥೆ.

ಮಗಳನ್ನು ಮೊದಲ ವಾರವೇ ಲೈಬ್ರರಿಗೆ ಕಳಿಸಿ. ತಡವಾದರೆ ಒಳ್ಳೆಯವು ಕೈಗೆ ಸಿಗುವುದಿಲ್ಲ. ಅಕೌಂಟಿಂಗ್ ಒಂದು ಸ್ವಂತದ್ದಿರಲಿ, ಲೆಕ್ಕ ಮಾಡಿ ಮಾಡಿಯೇ ಬರಬೇಕು. ಗೈಡಿಗೆ ದುಡ್ಡು ಹಾಕಬೇಡಿ. ಸ್ಯಾಂಪಲ್ ಪ್ರತಿ ನಾವೂ ಇಸಿದುಕೊಂಡವರೇ, ಆದರೆ ಬೆಲೆ ನೋಡಿ ಆರಿಸಿದವರನ್ನು ನಾನು ಹೆಚ್ಚು ಕಂಡಿಲ್ಲ.

ತೋಟದ ಹೆಗಡೆ
ಥ್ಯಾಂಕ್ಸ್ ಮೇಡಂ. ಅಕೌಂಟಿಂಗ್ ಹೊಸದೇ ತಗೊಳ್ಳುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ಈ ಸಲ ಮೂರನೇ ಸೆಮಿಸ್ಟರಿಗೆ ಹೋದ ಬಿ.ಕಾಂನವರು ಇದ್ದರೆ ಹೇಳಿ. ಅರ್ಧ ದರ ಕೊಡುತ್ತೇನೆ. ಪೆನ್ನಿನಲ್ಲಿ ಗೀಚಿದ್ದರೂ ಅಡ್ಡಿಲ್ಲ.