ನಮ್ಮ ರೈಲ್ವೆ ಗೇಟ್: ಮೊದಲು ಏನು ಕೇಳೋಣ? (ಕೊಪ್ಪಳ ಬಡಾವಣೆ ಗುಂಪು)

2ನೇ ಅಡ್ಡರಸ್ತೆ ಅಕ್ಕ: ಇವತ್ತು ಬೆಳಿಗ್ಗೆ ಮತ್ತೆ ಅದೇ ಕತೆ. ಗೇಟ್ ಬಿದ್ದಿದ್ದರೂ ಒಬ್ಬರು ಬೈಕ್ ಓರೆ ಮಾಡಿ ಕೆಳಗಿಂದ ನುಗ್ಗಿಸಿದರು. ಹಿಂದೆ ಕೂತ ಹುಡುಗನ ಸ್ಕೂಲ್ ಬ್ಯಾಗ್ ಅಡ್ಡಗಂಬಕ್ಕೆ ಸಿಕ್ಕಿಕೊಂಡಿತ್ತು. ಜೋರಾದ ಸೈರನ್ ಹಾಕಿಸಿ ಅಂತ ಅರ್ಜಿ ಕೊಡೋಣವಾ?

ಕಿರಾಣಿ ಅಂಗಡಿ ಅಣ್ಣ: ಸೈರನ್ ಈಗಲೂ ಕೂಗುತ್ತೆ ಅಕ್ಕಾ, ಯಾರು ಕೇಳ್ತಾರೆ? ಗೇಟ್‌ಮನ್ ಬೇಗ ತೆಗೆದರೆ ಯಾರೂ ನುಗ್ಗಲ್ಲ.

ನಿವೃತ್ತ ಮೇಷ್ಟ್ರು: ಅವರ ಮೇಲೆ ಕೂಗಾಡಿ ಪ್ರಯೋಜನವಿಲ್ಲ. ಇದು ಇಂಟರ್‌ಲಾಕ್ ಗೇಟ್. ಗೇಟ್ ಪೂರ್ತಿ ಬಿದ್ದು ಲಾಕ್ ಆದ ಮೇಲೆಯೇ ರೈಲಿಗೆ ಸಿಗ್ನಲ್. ಸಿಗ್ನಲ್ ಕೊಟ್ಟರೆ, ರೈಲು ದಾಟುವ ತನಕ ತೆಗೆಯಲು ಬರುವುದಿಲ್ಲ. ತಡ ಮಾಡುತ್ತಿರುವವರು ನಾವೇ. ಗೇಟ್ ಬಿದ್ದ ತಕ್ಷಣ ಎರಡೂ ಕಡೆ ಇಡೀ ರಸ್ತೆ ತುಂಬಾ ಬೈಕು, ಆಟೋ. ತೆಗೆದಾಗ ಮುಖಾಮುಖಿ. ಹುಲ್ಲು ಹೇರಿದ ಟ್ರ್ಯಾಕ್ಟರ್ ಹಳಿ ಮೇಲೆಯೇ ಸಿಕ್ಕಿಬೀಳುತ್ತದೆ. ಆಗ ಮುಂದಿನ ರೈಲಿಗೆ ಗೇಟ್ ಹಾಕಲು ಆಗದೆ, ಅದೂ ಸಿಗ್ನಲ್ ಹತ್ತಿರ ನಿಲ್ಲುತ್ತದೆ. ಮೊದಲು ಬೇಕಾಗಿರುವುದು ರಸ್ತೆ ಮಧ್ಯೆ ಡಿವೈಡರ್.

ಕಾಲೇಜು ಹುಡುಗ: ಓವರ್‌ಬ್ರಿಡ್ಜನ್ನೇ ಕೇಳಬಹುದಲ್ವಾ ಸರ್?

ನಿವೃತ್ತ ಮೇಷ್ಟ್ರು: ಕೇಳಪ್ಪ, ಆದರೆ ಅದಕ್ಕೊಂದು ಲೆಕ್ಕ ಇದೆ. ದಿನದ ರೈಲುಗಳನ್ನು ವಾಹನಗಳಿಂದ ಗುಣಿಸುತ್ತಾರೆ, ಟಿವಿಯು ಅಂತಾರೆ. ಅದು 1 ಲಕ್ಷ ದಾಟಿದರೆ ನಮ್ಮ ಮಾತಿಗೆ ತೂಕ. 50 ರೈಲು, 2,000 ವಾಹನ ಅಂದರೆ ಅಲ್ಲಿಗೆ ಬಂತು. ದುಡ್ಡು, ಜಾಗ, ಟೆಂಡರ್ ಅಂತ ವರ್ಷಗಳೇ ಹಿಡಿಯುತ್ತವೆ.

ಗುತ್ತಿಗೆದಾರ ಅಣ್ಣ: ಅರ್ಜಿ ಎರಡು ಬೇಕು. ಹುಬ್ಬಳ್ಳಿ ಡಿಆರ್‌ಎಂ (ರೈಲ್ವೆ ವಿಭಾಗದ ಮುಖ್ಯ ಅಧಿಕಾರಿ) ಕಚೇರಿಗೆ ಒಂದು: ಅಡ್ಡಗಂಬಕ್ಕೆ ಕೆಂಪು ದೀಪ, ಹೊಳೆಯುವ ಪಟ್ಟಿ, ಪಕ್ಕದ ಸಂದಿಗೆ ಬೇಲಿ. ಹೊರಗಿನ ರಸ್ತೆ ನಗರಸಭೆಯದು: ಡಿವೈಡರ್, ನಿಲ್ಲುವ ಬಿಳಿ ಗೆರೆ, ಹಂಪ್‌ಗೆ ಬಣ್ಣ, ಹೊಸ ಬೋರ್ಡ್. ಕೆಂಪು ತ್ರಿಕೋನದ ಬೋರ್ಡ್ ಈಗ ಬೇವಿನ ಟೊಂಗೆ ಹಿಂದಿದೆ, ಅದರ ಮೇಲೆ ಟ್ಯೂಷನ್ ಜಾಹೀರಾತು ಬೇರೆ! ಡಿವೈಡರ್‌ಗೆ ಬಗ್ಗಿ ಏಳುವ ಪ್ಲಾಸ್ಟಿಕ್ ಕಂಬ ಸಾಕು.

ಕಿರಾಣಿ ಅಂಗಡಿ ಅಣ್ಣ: ನಮ್ಮ ಟ್ರ್ಯಾಕ್ಟರ್‌ಗಳ ಮುಂದೆ ಪ್ಲಾಸ್ಟಿಕ್ಕಾ? ವಾರ ಬಾಳಲ್ಲ. ಕಾಂಕ್ರೀಟೇ ಹಾಕಿಸಿ.

ಗುತ್ತಿಗೆದಾರ ಅಣ್ಣ: ಕತ್ತಲಲ್ಲಿ ಬೈಕಿನವರು ಅದಕ್ಕೇ ಗುದ್ದುತ್ತಾರೆ. ಕಾಂಕ್ರೀಟ್ ಆದರೆ ಮೊದಲು ಬೀದಿದೀಪ, ತುದಿಗೆ ರಿಫ್ಲೆಕ್ಟರ್ ಬೇಕೇ ಬೇಕು.

2ನೇ ಅಡ್ಡರಸ್ತೆ ಅಕ್ಕ: ಸರಿ, ದೀಪ ಸೇರಿಸಿ ಕಾಂಕ್ರೀಟ್ ಅಂತಲೇ ಬರೆಯುತ್ತೇನೆ. ಗೇಟ್ ಮುರಿದರೆ 1989ರ ರೈಲ್ವೆ ಕಾಯ್ದೆಯಲ್ಲಿ 5 ವರ್ಷದವರೆಗೆ ಜೈಲು ಅಂತ ಒಂದು ಬೋರ್ಡೂ ಕೇಳುತ್ತೇನೆ. ವಾಹನ ಎಣಿಸಲು ಭಾನುವಾರ ಬರ್ತೀರಾ?

ಕಿರಾಣಿ ಅಂಗಡಿ ಅಣ್ಣ: ಭಾನುವಾರ ಬೇಡ ಅಕ್ಕಾ, ಸ್ಕೂಲ್, ಆಫೀಸ್ ಎಲ್ಲ ರಜೆ. ಲೆಕ್ಕ ಕಮ್ಮಿ ಬರುತ್ತೆ. ಸೋಮವಾರ ಬೆಳಿಗ್ಗೆ 8ಕ್ಕೆ ಬನ್ನಿ, ಅಂಗಡಿ ಮುಂದೆ ಕುರ್ಚಿ ಹಾಕಿರ್ತೀನಿ.