ಎಫ್‌ಆರ್‌ಪಿ ಶೀಟ್ ಗ್ವಾಡಿಗಿ ಅಂಟಸ್ಲಕ ಯಾವ ಗಮ್ ತರಬೇಕು? ಮೂರು ಗ್ವಾಡಿ ಮೂರು ಥರ ಅವ

ರೊಟ್ಟಿ ಖಾನಾವಳಿ, ಕಲಬುರಗಿ:

ನಮಸ್ಕಾರ್ರಿ ಎಲ್ಲರಿಗೂ. ನಾವು ಅಕ್ಕ ತಂಗೇರು ಕೂಡಿ ಕಲಬುರಗ್ಯಾಗ ಖಾನಾವಳಿ ನಡಸ್ತೀವಿ, ಜ್ವಾಳದ ರೊಟ್ಟಿ ಪಾರ್ಸಲ್ ಭಾಳ ಹೋಗ್ತದ. ಜಾಗ ಸಾಲವಲ್ದು ಅಂತ ಬಾಜೂಕಿನ ಖೋಲಿ ಬಾಡಿಗಿ ಹಿಡದೀವಿ, ಅಡಗಿ ಎಲ್ಲಾ ಅಲ್ಲಿಗೇ ಒಯ್ಯೋದದ. ಆದ್ರ ಗ್ವಾಡಿಗೋಳು ಛಲೋ ಇಲ್ಲ, ಬಣ್ಣ ಪದರ ಪದರ ಏಳ್ಲಕತ್ತದ, ಅಡಗಿ ಮ್ಯಾಲ ಉದರಿದ್ರ ಏನ್ ಗತಿ. ಮಾಲಕರು ಗ್ವಾಡಿ ಒಡಿಲಕ ಬಿಡಂಗಿಲ್ಲ ಅಂದಾರ. ಅದಕ್ಕ ಹೈದರಾಬಾದಿನಿಂದ ಎಫ್‌ಆರ್‌ಪಿ ಶೀಟ್ ತರಸೀವಿ, ಅದೇ ಫೈಬರ್‌ಗ್ಲಾಸ್ ಹಾಕಿದ ಪ್ಲಾಸ್ಟಿಕ್ ಶೀಟ್, 4 ಅಡಿ 8 ಅಡಿದು, 2 ಮಿಲಿಕಿಂತ ಚೂರು ದಪ್ಪ, ಮುಂದಿನ ಮಗ್ಗಲು ಖರಖರ ಅದ, ಹಿಂದ ಸಪಾಟ ಅದ.

ಈಗ ಗ್ವಾಡಿ ವಿಷಯ. ಒಂದು ಹಳೇ ಶಹಾಬಾದ್ ಕಲ್ಲಿನ ಗ್ವಾಡಿ, ಸುಣ್ಣದ ಗಿಲಾವ, ಅದರ ಮ್ಯಾಲ ವರ್ಷಾ ವರ್ಷಾ ಹೊಡದ ಸುಣ್ಣ. ಮಳಿಗಾಲದಾಗ ಕೆಳಗ ಒಂದೆರಡು ಅಡಿ ಹಸಿ ಏರ್ತದಂತ. ಎರಡನೇದು ಹೊಸಾ ಇಟ್ಟಂಗಿ ಗ್ವಾಡಿ, ಸಿಮೆಂಟ್ ಗಿಲಾವ ಆಗಿ ಮೂರು ವಾರ ಆಗಿರಬೇಕು. ಮೂರನೇದಕ್ಕ 5 ಅಡಿ ತನಕ ಹಳೇ ಬಿಳಿ ಟೈಲ್ಸ್ ಅವ.

ಕಾರ್ಪೆಂಟರ್ ಸನ್‌ಮೈಕಾ ಅಂಟಸೋ ಹಳದಿ ಗಮ್ ಸಾಕು ಅಂತಾನ, ದುಕಾನದವರು ಸಿಲಿಕಾನ್ ಚುಕ್ಕಿ ಚುಕ್ಕಿ ಇಟ್ಟು ಒತ್ತಿಬಿಡ್ರಿ ಅಂತಾರ, ಇನ್ನೊಬ್ಬರು ಕಟ್ಟಿಗಿ ಕೆಲಸದ ಬಿಳಿ ಗಮ್ ಅಂತಾರ. ಯಾರ ಮಾತು ಕೇಳಬೇಕು ತಿಳಿವಲ್ದು. ಶೀಟ್ ಒಮ್ಮೆ ಅಂಟಿಸಿದ ಮ್ಯಾಲ ತಗಿಲಕ ಬರಂಗಿಲ್ಲ ಅಂತ ಕೇಳೀನಿ, ಅದಕ್ಕ ಮೊದಲೇ ಕೇಳ್ಲಕತ್ತೀನಿ. ಗೊತ್ತಿದ್ದೋರು ಹೇಳ್ರಿ.

ಬೀದರ್ ಇಂಟೀರಿಯರ್ ಕೆಲಸ:

ಅಕ್ಕೋರೆ, ನಾನು ಇಲ್ಲಿ ದವಾಖಾನಿ, ಹೋಟೆಲ್ ಅಡಗಿಮನಿ ಕೆಲಸ ಹಿಡಿತೀನಿ. ಶೀಟ್ ನೋಡಿ ಗಮ್ ಆರಿಸಬ್ಯಾಡ್ರಿ, ಗ್ವಾಡಿ ನೋಡಿ ಆರಸ್ರಿ. ಎಫ್‌ಆರ್‌ಪಿ ನೀರು ಕುಡಿಯಂಗಿಲ್ಲ. ಬಕೆಟ್‌ನಾಗ ಬರೋ ನೀರಿನ ಗಮ್ ಅಂದ್ರ ಲೇಟೆಕ್ಸ್, ಅಕ್ರಿಲಿಕ್ ಪ್ಯಾನಲ್ ಗಮ್ ಒಣಗಬೇಕಂದ್ರ ಅದರೊಳಗಿನ ನೀರು ಎಲ್ಲ್ಯಾದ್ರೂ ಹೋಗಬೇಕಲ್ರಿ, ಶೀಟಿನ ಕಡಿಗಿ ದಾರಿ ಇಲ್ಲ, ಗ್ವಾಡಿನೇ ಕುಡಿಬೇಕು. ಸಿಮೆಂಟ್ ಗಿಲಾವ, ಜಿಪ್ಸಂ ಬೋರ್ಡ್, ಪ್ಲೈವುಡ್, ಸಿಮೆಂಟ್ ಬೋರ್ಡ್ ಇವೆಲ್ಲಾ ಕುಡಿತಾವ, ಅಲ್ಲಿ ನೀರಿನ ಗಮ್ ಛಲೋ, ವಾಸನಿ ಕಮ್ಮಿ, ಬೆಂಕಿ ಭಯ ಇಲ್ಲ, ಥಾಪಿ ನೀರಾಗ ತೊಳಿಲಕ ಬರ್ತದ. ಟೈಲ್ಸ್, ಆಯಿಲ್ ಪೇಂಟ್ ಹೊಡದ ಗ್ವಾಡಿ ಕುಡಿಯಂಗಿಲ್ಲ. ಅಂಥಲ್ಲಿ ಅದೇ ಗಮ್ ಹಾಕಿದ್ರ ಎರಡೂ ಕಡಿ ಬಂದ್ ಆಗಿ ಒಳಗ ತಿಂಗಳಾನುಗಟ್ಲೆ ಹಸಿನೇ ಇರ್ತದ, ಶೀಟ್ ತನ್ನ ಭಾರಕ್ಕೇ ಜಾರ್ತದ. ಅಲ್ಲಿ ಪಾಲಿಯುರೆಥೇನ್ (ಪಿಯು) ಇಲ್ಲಾ ಎಂಎಸ್ ಪಾಲಿಮರ್ ಥರದ್ದು, ಅಂದ್ರ ಒಳಗ ನೀರಿಲ್ಲದ ಗಮ್ ಬೇಕು.

ನಿಮಗ ಹೇಳಿದ ಮೂರೂ ನನಗ ಸೇರಲಿಲ್ಲ. ಹಳದಿ ಗಮ್ ಎರಡೂ ಕಡಿ ಹಚ್ಚಿ ಒಣಗಿಸಿ ಮುಟ್ಟಿಸೋದು, ಮುಟ್ಟಿದ ಕೂಡ್ಲೇ ಹಿಡಿತದ, 32 ಚದರಡಿ ಶೀಟು ಒಂದು ಬೆರಳು ವಾರೆ ಆತಂದ್ರ ಸರಸ್ಲಕ ಆಗಂಗಿಲ್ಲ. ಮತ್ತ ಅದು ಸಾಲ್ವೆಂಟ್ ಮಾಲು, ಹಚ್ಚೋವಾಗ ಗ್ಯಾಸ್ ಒಲಿ ಹತ್ರ ಇದ್ರ ಆವಿಗಿ ಬೆಂಕಿ ಹತ್ತೋ ಭಯ ಇರ್ತದ. ಕಟ್ಟಿಗಿ ಬಿಳಿ ಗಮ್ ನೀರು ತಾಗಿದ್ರ ಮತ್ತ ಮೆತ್ತಗಾಗ್ತದ, ದಿನಾ ತೊಳಿಯೋ ಗ್ವಾಡಿಗಿ ಅದು ಬ್ಯಾಡೇ ಬ್ಯಾಡ. ಸಿಲಿಕಾನ್ ಬೇಕು, ಆದ್ರ ಸಂದಿಗೋಳಿಗಿ, ಶೀಟ್ ಕೂಡೋ ಕಡಿ ಹಾಕೋ ಮೋಲ್ಡಿಂಗ್ ಪಟ್ಟಿ ಒಳಗ. ಇಡೀ ಶೀಟ್ ಹಿಡದು ನಿಲ್ಲಸೋ ಕೆಲಸ ಅದರದ್ದಲ್ಲ.

ಯಾದಗಿರಿ ಹಾಲಿನ ಖೋಲಿ:

ಚುಕ್ಕಿ ಚುಕ್ಕಿ ಇಡೋ ಮಾತು ಬಂತಲ್ಲ ಅದಕ್ಕ ಬರಿಲಕತ್ತೀನಿ ಅಕ್ಕೋರೆ. ನಮ್ಮ ಹಾಲು ತುಂಬೋ ಖೋಲಿಗಿ ಎಫ್‌ಆರ್‌ಪಿ ಹಾಕಿದ ಕೆಲಸಗಾರರು ಹಿಂದ ಉಂಡಿ ಉಂಡಿ ಗಮ್ ಇಟ್ಟು ಒತ್ತಿ ಹೋದ್ರು. ನೋಡ್ಲಕ ಮೊದಲು ಭಾಳ ಛಂದ ಕಾಣ್ತಿತ್ತು. ಬಿಸಲು ಬಂದ ಕೂಡ್ಲೇ ಗಮ್ ಇಲ್ಲದ ಜಾಗದಾಗ ಶೀಟು ಉಬ್ಬಿ ಬಂತು, ಬಡದ್ರ ಟಪ್ ಟಪ್ ಅಂತ ಟೊಳ್ಳು ಸಪ್ಪಳ, ಕೆಳಗಿನ ಸಂದಿಯಿಂದ ತೊಳದ ನೀರು ಹಿಂದ ಹೋಗಿ ಹಾಲಿನ ಹುಳಿ ವಾಸನಿ, ಜಿರಳಿ. ತೊಳಿಲಕ ಅನುಕೂಲ ಅಂತ ಹಾಕಿದ ಶೀಟಿನ ಹಿಂದೇ ತೊಳಿಲಕ ಬರದಂಥ ಹೊಲಸು ಕುಂತ್ರ ಏನ್ ಉಪಯೋಗ ಹೇಳ್ರಿ. ಹಲ್ಲಿನ ಥಾಪಿ ತಗೊಂಡು ಇಡೀ ಹಿಂದಿನ ಮಗ್ಗಲಿಗಿ ಹಚ್ಚಬೇಕು, ಅಂಚಿನ ತನಕ, ಮೂಲಿ ತನಕ. ಗಮ್ ಉಳಸ್ಲಕ ಹೋಗಬ್ಯಾಡ್ರಿ.

ಸಿವಿಲ್, ಕಲಬುರಗಿ:

ಬೀದರ್ ಅಣ್ಣ ಹೇಳಿದ್ದು ಸರಿ ಅದ, ಆದ್ರ ಗಮ್ಮಿಗಿಂತ ಮೊದಲು ಗ್ವಾಡಿ ಪರೀಕ್ಷೆ ಮಾಡ್ರಿ. ಹೊಸಾ ಸಿಮೆಂಟ್ ಗಿಲಾವ ಕನಿಷ್ಠ 28 ದಿನ ಆಗಲಿ, ಮೂರು ವಾರಕ್ಕ ಅವಸರ ಬ್ಯಾಡ. ಆಮ್ಯಾಲ ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳಿ ತಗೊಂಡು ನಾಕೂ ಕಡಿ ಟೇಪ್ ಹಚ್ಚಿ ಗ್ವಾಡಿಗಿ ಅಂಟಸ್ರಿ, ಒಂದು ಹಗಲು ಒಂದು ರಾತ್ರಿ ಬಿಡ್ರಿ, ತಗದಾಗ ಒಳಗ ಹನಿ ಕೂತಿದ್ರ, ಗ್ವಾಡಿ ಕಪ್ಪಗಾಗಿದ್ರ ಇನ್ನೂ ಹಸಿ ಅದ ಅಂತ ಅರ್ಥ. ಎರಡು ಮೂರು ಜಾಗದಾಗ ಮಾಡ್ರಿ, ಒಂದು ನೆಲದ ಹತ್ರ ಇರಲೇಬೇಕು.

ಕಲ್ಲಿನ ಗ್ವಾಡಿ ಬಗ್ಗೆ ನನಗ ಖರೆನೇ ಚಿಂತಿ ಅನಸ್ತದ. ಗಮ್ ಎಷ್ಟೇ ಗಟ್ಟಿ ಇದ್ರೂ ಅದು ಹಿಡಿಯೋದು ಸುಣ್ಣದ ಪದರನ್ನ, ಸುಣ್ಣ ಗ್ವಾಡಿ ಬಿಟ್ಟು ಬಂದ್ರ ಶೀಟೂ ಅದರ ಸಂಗಾಟ ಬರ್ತದ. ಅಂಗೈ ತಿಕ್ಕಿದ್ರ ಬಿಳಿ ಪುಡಿ ಹತ್ತತದಲ್ಲ, ಅಷ್ಟು ಸಾಕು ಗೊತ್ತಾಗ್ಲಕ. ಕೆರೆದು ತಗದ್ರೂ ಇನ್ನೊಂದು ತೊಡಕು ಅದ. ಹಳೇ ಗ್ವಾಡಿ ಬುನಾದಿಯೊಳಗ ಡಿಪಿಸಿ ಅಂದ್ರ ಹಸಿ ತಡೆಯೋ ಪದರ ಬಹಳಷ್ಟು ಸಲ ಇರಂಗಿಲ್ಲ, ನೆಲದ ಹಸಿ ಏರ್ತದ, ಸುಣ್ಣದ ಗಿಲಾವದಿಂದ ಆವಿ ಆಗಿ ಹೊರಗ ಹೋಗ್ತದ, ಹಂಗೇ ಆ ಗ್ವಾಡಿ ಇಷ್ಟು ವರ್ಷ ನಿಂತದ. ನೀವು ಮುಂದ ಪ್ಲಾಸ್ಟಿಕ್ ಬಡದು ದಾರಿ ಮುಚ್ಚಿದ್ರ ಹಸಿ ಇನ್ನೂ ಮ್ಯಾಲ ಹುಡಿಕ್ಕೊಂಡು ಹೋಗ್ತದ, ಉಪ್ಪು ಬಿಡ್ತದ, ಗಿಲಾವ ಸಡಿಲ ಆಗ್ತದ. ಅಲ್ಲಿ ನೇರ ಅಂಟಸೋದು ಬ್ಯಾಡ್ರಿ. ಜಿಐ ಚಾನಲ್ ಅಂದ್ರ ಸತು ಬಳದ ಕಬ್ಬಿಣದ ಪಟ್ಟಿ ಬಡದು ಅದರ ಮ್ಯಾಲ 8 ಮಿಲಿ ಫೈಬರ್ ಸಿಮೆಂಟ್ ಬೋರ್ಡ್ ಸ್ಕ್ರೂ ಮಾಡಿ, ಆ ಬೋರ್ಡಿಗಿ ನೀರಿನ ಗಮ್ ಹಚ್ಚಿ ಶೀಟ್ ಕೂಡಸ್ರಿ. ಹಿಂದ ಗಾಳಿ ಆಡ್ಲಕ ಜಾಗ ಉಳಿತದ, ಆ ಸಂದಿಗಿ ಕೆಳಗ ಮ್ಯಾಲ ಸಣ್ಣ ಜಾಳಿಗಿ ಹಾಕ್ರಿ ಇಲಿ ಜಿರಳಿ ಹೋಗದಂಗ. ಬಾಡಿಗಿ ಮನಿ ಬಿಡೋವಾಗ ಸ್ಕ್ರೂ ಬಿಚ್ಚಿದ್ರ ಆತು, ಮಾಲಕರಿಗೂ ಒಪ್ಪಿಸ್ಲಕ ಸುಲಭ.

ಇನ್ನೊಂದು, ನಮ್ಮ ಕಡಿ ಎರಿ ಮಣ್ಣು. ಮಳ್ಯಾಗ ಉಬ್ಬತದ, ಬ್ಯಾಸಗ್ಯಾಗ ಕುಗ್ಗಿ ಬಿರೀತದ, ಅದರ ಸಂಗಾಟ ಮನಿ ಗ್ವಾಡಿನೂ ಬಿರುಕು ಬಿಡ್ತದ. ಗಟ್ಟಿ ಅಂತ ಎಪಾಕ್ಸಿ ಗಮ್ಮಿನ ಹಿಂದ ಬೀಳಬ್ಯಾಡ್ರಿ, ಅದು ಬಗ್ಗಂಗಿಲ್ಲ. ಒಣಗಿದ ಮ್ಯಾಲೂ ರಬ್ಬರಿನಂಗ ಸ್ವಲ್ಪ ಜಗ್ಗೋ ಗಮ್ಮೇ ಇಂಥಲ್ಲಿ ಬಾಳಿಕಿ ಬರೋದು.

ರೊಟ್ಟಿ ಖಾನಾವಳಿ, ಕಲಬುರಗಿ:

ಭಾಳ ಉಪಕಾರ ಆತ್ರಿ ಎಲ್ಲರಿಂದ. ಕಲ್ಲಿನ ಗ್ವಾಡಿಗಿ ಬೋರ್ಡ್ ಹಾಕೋದು ಮನಸ್ಸಿಗಿ ಬಂತು, ಮಾಲಕರಿಗಿ ಕೇಳ್ತೀನಿ. ಇನ್ನ ಟೈಲ್ಸ್ ಗ್ವಾಡಿ ಹೆಂಗ ಮಾಡೋದು? ಮತ್ತ ನಮ್ಮ ರೊಟ್ಟಿ ಹಂಚಿನ ಒಲಿ ಅದೇ ಗ್ವಾಡಿಗಿ ಹತ್ತಿ ಬರ್ತದ, ಅಲ್ಲಿನೂ ಶೀಟ್ ನಡಿತದೇನ್ರಿ? ಎಷ್ಟು ಗಮ್ ಬೇಕಾಗ್ತದ ಅದೂ ಹೇಳ್ರಿ, ದುಕಾನದವರು ಒಂದು ಬಕೆಟ್ ಎಲ್ಲದಕ್ಕೂ ಸಾಕು ಅಂದ್ರು.

ಬೀದರ್ ಇಂಟೀರಿಯರ್ ಕೆಲಸ:

ಒಲಿ ಹಿಂದ ಬ್ಯಾಡ ಅಕ್ಕೋರೆ, ಇದೊಂದು ಮಾತು ಯಾರು ಏನ್ ಹೇಳಿದ್ರೂ ಬಿಡಬ್ಯಾಡ್ರಿ. ಎಫ್‌ಆರ್‌ಪಿ ಉರಿಯೋ ವಸ್ತು, ಸುಮಾರು 54 ಡಿಗ್ರಿ ದಾಟಿ ಸತತ ಶಾಖ ಬೀಳೋ ಕಡಿ ಹಾಕಬ್ಯಾಡ್ರಿ ಅಂತ ಶೀಟ್ ಮಾಡೋ ಕಂಪನಿಗೋಳೇ ಹೇಳ್ತಾವ. ರೊಟ್ಟಿ ಹಂಚು ಮುಂಜಾನಿಯಿಂದ ಸಂಜಿ ತನಕ ಕಾಯ್ತಿರ್ತದ. ಒಲಿ ಹಿಂದ, ಎರಡೂ ಬಾಜೂಕ, ಟೈಲ್ಸ್ ಹಂಗೇ ಇರಲಿ, ಟೈಲ್ಸ್ ಮುಗಿದ ಮ್ಯಾಲ ಚಿಮಣಿ ತನಕ ಸ್ಟೀಲ್ ಶೀಟ್ ಹಾಕಸ್ರಿ. ಎಫ್‌ಆರ್‌ಪಿ ಒಲಿ ಬಿಟ್ಟು ದೂರ ಶುರು ಆಗಲಿ.

ಉಳದ ಟೈಲ್ಸ್ ಮ್ಯಾಲ ಹಾಕೋದಾದ್ರ ಎಣ್ಣಿ ಜಿಡ್ಡು ವಾಷಿಂಗ್ ಸೋಡಾ ನೀರಿಲೆ ತೊಳದು ಒಣಗಿಸಿ, ಹೊಳಪು ಹೋಗೋ ತನಕ ಗ್ರೈಂಡರ್ ಹಿಡೀರಿ, ಟೊಳ್ಳು ಟೈಲ್ಸ್ ಬಡದು ನೋಡಿ ಕಿತ್ತು ತುಂಬ್ರಿ. ಆಮ್ಯಾಲ ಎರಡು ಡಬ್ಬಿ ಕೂಡಿಸೋ ಪಾಲಿಯುರೆಥೇನ್. ಒಂದೇ ಟ್ಯೂಬಿನ ಪಿಯು, ಎಂಎಸ್ ಗಮ್ ಗಾಳಿಯೊಳಗಿನ ತೇವ ಹೀರಿ ಗಟ್ಟಿ ಆಗ್ತದ, ನಿಮ್ಮ ಕಲಬುರಗಿ ಎಪ್ರಿಲ್ ಗಾಳ್ಯಾಗ ತೇವನೇ ಇರಂಗಿಲ್ಲ, ಅದರ ಮ್ಯಾಲ ಒಂದು ಕಡಿ ಟೈಲ್ಸ್ ಒಂದು ಕಡಿ ಪ್ಲಾಸ್ಟಿಕ್, ನಡುವಿನದು ಒಣಗ್ಲಕ ಭಾಳ ತಡ ಆಗ್ತದ. ಎರಡು ಡಬ್ಬಿದು ತಾನೇ ರಿಯಾಕ್ಷನ್ ಆಗಿ ಗಟ್ಟಿ ಆಗ್ತದ, ಗಾಳಿ ಹಂಗಿಲ್ಲ.

ಗಮ್ ಲೆಕ್ಕ, 5-6 ಮಿಲಿ ಹಲ್ಲಿನ ಥಾಪಿ ಹಿಡದ್ರ ನೀರಿನ ಗಮ್ ಒಂದು ಶೀಟಿಗಿ ಎರಡೂವರೆಯಿಂದ ಮೂರು ಲೀಟರ್ ಹಿಡಿತದ. ಅದರಿಂದ ನಿಮ್ಮ ಶೀಟ್ ಎಣಿಸಿಕೊಳ್ರಿ. ಒಂದು ಬಕೆಟ್ ಅಂದ್ರ ಮತ್ತ ಚುಕ್ಕಿ ಲೆಕ್ಕನೇ ಆತು.

ಸಿವಿಲ್, ಕಲಬುರಗಿ:

ಟೈಲ್ಸ್ ವಿಷಯದಾಗ ನನ್ನ ಅಭಿಪ್ರಾಯ ಬ್ಯಾರೆ. ಟೈಲ್ಸ್ ಛಲೋ ಇದ್ರ ಅದರ ಮ್ಯಾಲ ಯಾಕ ಶೀಟ್? ಅಕ್ಕೋರೆ, 2011ರ ಫುಡ್ ಲೈಸೆನ್ಸ್ ನಿಯಮದ ಶೆಡ್ಯೂಲ್ 4 ಕೇಳೋದು ಗ್ವಾಡಿ ನುಣ್ಣಗ ಇರಬೇಕು, ಸ್ವಚ್ಛ ಮಾಡ್ಲಕ ಸುಲಭ ಇರಬೇಕು, ಬಣ್ಣ ಗಿಲಾವ ಉದರಬಾರದು ಅಂತ. ಟೈಲ್ಸ್ ಅದನ್ನ ಮಾಡ್ತದ. ಸಂದಿ ಕೆರೆದು ಎಪಾಕ್ಸಿ ಗ್ರೌಟ್ ತುಂಬ್ರಿ, ಎಪಾಕ್ಸಿ ಇಲ್ಲಿ ಸರಿ ಅದ. 5 ಅಡಿ ಮ್ಯಾಲಿನ ಗಿಲಾವಕ್ಕ ಮಾತ್ರ ಶೀಟ್ ಹಾಕಿ, ಟೈಲ್ಸ್ ಕೂಡೋ ಕಡಿ ಪಟ್ಟಿ ಕೊಟ್ಟು ಸಿಲಿಕಾನ್ ಹಾಕ್ರಿ. ಪಾಲಿಯುರೆಥೇನ್ ಖರ್ಚು ಉಳಿತದ, ಗ್ರೈಂಡರ್ ಧೂಳೂ ಇಲ್ಲ.

ಬೀದರ್ ಇಂಟೀರಿಯರ್ ಕೆಲಸ:

ಹೌದ್ರಿ, ಅದು ಛಲೋ ದಾರಿ. ನಾನು ಇಡೀ ಗ್ವಾಡಿ ಒಂದೇ ಸಮ ಕಾಣಲಿ ಅಂತ ಯೋಚನಿ ಮಾಡಿದ್ದೆ, ಖಾನಾವಳಿ ಅಡಗಿಮನಿಗಿ ಅದು ಬೇಕಾಗಿಲ್ಲ.

ಹಚ್ಚೋ ದಿನದ ಮಾತು ಹೇಳ್ತೀನಿ. ಶೀಟ್ ಅದೇ ಖೋಲ್ಯಾಗ ಒಂದೆರಡು ದಿನ ಮಲಗಿಸಿ ಇಡ್ರಿ, ಬಿಸಲಾಗ ನಿಂತ ಗಾಡಿಯಿಂದ ಇಳಿಸಿ ಸೀದಾ ಗ್ವಾಡಿಗಿ ಬ್ಯಾಡ. ಎಂಟು ಅಡಿ ಶೀಟು 20 ಡಿಗ್ರಿ ಹೆಚ್ಚುಕಮ್ಮಿ ಆದ್ರ ಸುಮಾರು ಒಂದು ಒಂದೂವರೆ ಮಿಲಿ ಬೆಳಿತದ ಇಲ್ಲಾ ಕುಗ್ಗತದ. ಅದಕ್ಕ ಎರಡು ಶೀಟಿನ ನಡುವ 3 ಮಿಲಿ, ಕೆಳಗ ಮ್ಯಾಲ 6 ಮಿಲಿ ಸಂದಿ ಬಿಡ್ರಿ, ಒತ್ತಿ ಕೂಡಿಸಿದ್ರ ಬ್ಯಾಸಗ್ಯಾಗ ನಡುವ ಹೊಟ್ಟಿ ಬರ್ತದ. ರಿವೆಟ್ ಹೊಡದ್ರ ತೂತು ರಿವೆಟ್ಟಿಗಿಂತ 3 ಮಿಲಿ ದೊಡ್ಡದಿರಲಿ, ತೂತಿನ ಒಳಗ ಸಿಲಿಕಾನ್.

ಕತ್ತರಿಸೋದು ಹೊರಗ ಮಾಡಸ್ರಿ, ಆ ಧೂಳು ಮೈಗಿ ಹತ್ತಿದ್ರ ದಿನಾ ಪೂರಾ ಕೆರಕೊಳ್ಳೋದೇ ಆಗ್ತದ, ಕಣ್ಣಿಗಿ ಮೂಗಿಗಿ ಇನ್ನೂ ಕೆಟ್ಟದ್ದು. ಕೆಲಸದ ಹುಡುಗರಿಗಿ ಮಾಸ್ಕ್, ಚಷ್ಮಾ, ತುಂಬು ತೋಳಿನ ಅಂಗಿ ಇರ್ಲೇಬೇಕು. ಕತ್ತರಿಸಿದ ಮ್ಯಾಲ ಹಿಂದಿನ ಮಗ್ಗಲು ಒರಸ್ರಿ, ಧೂಳಿನ ಮ್ಯಾಲ ಯಾವ ಗಮ್ಮೂ ಹಿಡಿಯಂಗಿಲ್ಲ. ಕೆಲಸ ಮುಂಜಾನಿ ತಂಪಿನ್ಯಾಗ ಹಿಡೀರಿ. ಫ್ಯಾನ್ ಬಂದ್ ಇಡ್ರಿ, ಒಂದು ಸಲಕ್ಕ ಒಂದೇ ಶೀಟಿಗಿ ಗಮ್ ಹಚ್ರಿ, ಮಧ್ಯಾಹ್ನ 42 ಡಿಗ್ರಿ ಬಿಸಲಾಗ ಥಾಪಿ ಕೆಳಗಿಡೋದ್ರೊಳಗ ಗಮ್ಮಿಗಿ ಕೆನಿ ಕಟ್ತದ, ಕೆನಿ ಕಟ್ಟಿದ್ದು ಗ್ವಾಡಿ ಹಿಡಿಯಂಗಿಲ್ಲ, ಬೆರಳು ಮುಟ್ಟಿಸಿ ನೋಡ್ರಿ, ಬೆರಳಿಗಿ ಹತ್ತಲಿಲ್ಲಂದ್ರ ಕೆರೆದು ತಗದು ಹೊಸಾದು ಹಚ್ರಿ. ಶೀಟ್ ನಿಲ್ಲಿಸಿದ ಕೂಡ್ಲೇ ರೋಲರ್ ನಡುವಿನಿಂದ ಅಂಚಿಗಿ ಹೊಡೀರಿ, ಗಾಳಿ ಹೊರಗ ಹೋಗಲಿ.

ರೊಟ್ಟಿ ಖಾನಾವಳಿ, ಕಲಬುರಗಿ:

ಪಟ್ಟಿ ಮೊದಲು ಹಾಕಬೇಕೇನ್ರಿ ಶೀಟ್ ಮೊದಲು ಹಾಕಬೇಕೇನ್ರಿ? ಮತ್ತ ಆದ ಮ್ಯಾಲ ಎಷ್ಟು ದಿನಕ್ಕ ತೊಳಿಬಹುದು?

ಯಾದಗಿರಿ ಹಾಲಿನ ಖೋಲಿ:

ನಮ್ಮದು ಕಿತ್ತು ಎರಡನೇ ಸಲ ಮಾಡಿಸಿದಾಗ ನಿಂತು ನೋಡೀನಿ ಅಕ್ಕೋರೆ. ಮೂಲಿ ಪಟ್ಟಿ ಮೊದಲು, ಅದರ ಕಾಲುವ್ಯಾಗ ಸಿಲಿಕಾನ್ ಎಳದು ಶೀಟ್ ತೂರಸ್ತಾರ, ಪೂರಾ ತಳ ಮುಟ್ಟಿಸಂಗಿಲ್ಲ, ಬೆಳಿಲಕ ಜಾಗ ಬಿಡ್ತಾರ. ಆಮ್ಯಾಲ ಇನ್ನೊಂದು ಬಾಜೂಕ ನಡುವಿನ ಪಟ್ಟಿ, ಮತ್ತ ಶೀಟ್, ಹಿಂಗೇ ಒಂದಾದ ಮ್ಯಾಲ ಒಂದು. ಎಲ್ಲಾ ಕೂಡಸಿ ಆಮ್ಯಾಲ ಪಟ್ಟಿ ಹಾಕ್ತೀನಂದ್ರ ಆಗಂಗಿಲ್ಲ. ಹೊರಗ ಉಕ್ಕಿದ ಗಮ್ ಹಸಿ ಇದ್ದಾಗೇ ಒರಸಸ್ರಿ, ಒಣಗಿದ್ರ ಆ ಖರಖರ ಮಗ್ಗಲಿಂದ ಬಿಡಸೋದು ಕಠಿಣ. ತೊಳಿಯೋದು ಗಮ್ ಡಬ್ಬಿ ಮ್ಯಾಲ ಬರದಷ್ಟು ದಿನ ಬಿಟ್ಟು ಮಾಡ್ರಿ, ಸಿಲಿಕಾನಿಗಂತೂ ಒಂದು ಪೂರಾ ದಿನ ನೀರು ತಾಗಿಸಬ್ಯಾಡ್ರಿ. ಪೈಪಿನ ನೀರು ಜೋರಾಗಿ ಸಂದಿಗಿ ಹೊಡಿಬ್ಯಾಡ್ರಿ, ಮೆತ್ತನ್ನ ಬ್ರಷ್, ಸೋಪಿನ ನೀರು ಸಾಕು, ತಂತಿ ಬ್ರಷ್ ಅಡಗಿಮನ್ಯಾಗೇ ಇಡಬ್ಯಾಡ್ರಿ.