ಅಪ್‌ಡೇಟ್: ಮಿರ್ಚಿ ಎಣ್ಣೆಯ ಬಯೋಡೀಸೆಲ್ ಕೊನೆಗೂ ತಿಳಿಯಾಯ್ತು

ಹೋದ ತಿಂಗಳು ಒಂದು ಪ್ರಶ್ನೆ ಕೇಳಿದ್ದೆ. ದಾವಣಗೆರೆ ಹತ್ತಿರ ಹೈವೇ ಪಕ್ಕ ನಮ್ಮ ಧಾಬಾ. ಮಿರ್ಚಿ ಕರಿದು ಉಳಿದ ಎಣ್ಣೆಯಿಂದ ಬಯೋಡೀಸೆಲ್ ಮಾಡಲು ಹೋದರೆ ಪೂರ್ತಿ ಗಂಜಿ ಥರ ಗಟ್ಟಿಯಾಗುತ್ತಿತ್ತು. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.

ನೀವು ಹೇಳಿದ್ದೇ ಸರಿ, ಎಣ್ಣೆಯಲ್ಲಿ ನೀರಿತ್ತು. ಹಸಿ ಮೆಣಸಿನಕಾಯಿ ನೀರು ಬಿಡುತ್ತಲ್ವಾ? ನೀರಿದ್ದರೆ, ಬಯೋಡೀಸೆಲ್ ಮಾಡಲು ಹಾಕುವ ಕಾಸ್ಟಿಕ್ ಸೋಡಾ ಎಣ್ಣೆಯನ್ನು ಸಾಬೂನು ಮಾಡಿಬಿಡುತ್ತದೆ. ಈ ಸಲ ಸೋಸಿ, ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸಿ, 55 ಡಿಗ್ರಿಗೆ ಆರಿಸಿದೆ. ಲೀಟರ್ ಎಣ್ಣೆಗೆ 200 ಎಂಎಲ್ ಮೆಥನಾಲ್ (ಬೇಗ ಹೊತ್ತಿಕೊಳ್ಳುವ ಒಂದು ಸ್ಪಿರಿಟ್), ಅದರಲ್ಲಿ ಕಾಸ್ಟಿಕ್ ಸೋಡಾ ಕರಗಿಸಿ ಎಣ್ಣೆಗೆ ಬೆರೆಸಿದೆ. ಹೊಸ ಎಣ್ಣೆಯಾದರೆ ಲೀಟರಿಗೆ ಈ ಸೋಡಾ 3.5 ಗ್ರಾಂ ಸಾಕು. ನಮ್ಮದು ಕರಿದ ಎಣ್ಣೆ, ಟೈಟ್ರೇಷನ್ (ಎಣ್ಣೆಯ ಆಮ್ಲದ ಅಂಶ ಅಳೆಯುವ ಪರೀಕ್ಷೆ) ಮಾಡಿದಾಗ ಇನ್ನೂ 2 ಗ್ರಾಂ ಬೇಕಾಯ್ತು.

ಬೆಳಿಗ್ಗೆ ಬಾಟಲಿ ನೋಡಿ ಕಣ್ಣು ತುಂಬಿ ಬಂತು. ಕೆಳಗೆ ಕಾಕಂಬಿಯಂಥ ಕಪ್ಪು ಗ್ಲಿಸರಿನ್, ಮೇಲೆ ಹೊನ್ನಿನ ಬಣ್ಣದ ಬಯೋಡೀಸೆಲ್. ಬಿಸಿನೀರಲ್ಲಿ ಮೂರು ಸಲ ತೊಳೆದು ಒಣಗಿಸಿದೆ. ಡೀಸೆಲ್ ಜೊತೆ ಸ್ವಲ್ಪ ಬೆರೆಸಿ ಹಳೇ ಪಂಪ್‌ಸೆಟ್‌ಗೆ ಹಾಕಿದೆ, ಓಡುತ್ತಿದೆ.

ರಾತ್ರಿ ಊಟಕ್ಕೆ ನಿಲ್ಲುವ ಲಾರಿ ಡ್ರೈವರ್ ಅಣ್ಣ ಒಬ್ಬರು ಬೆರಳಲ್ಲಿ ಉಜ್ಜಿ, ಮೂಸಿ, "ನಮ್ ಗಾಡಿಗೂ ಹತ್ತು ಲೀಟರ್ ಕೊಡು ತಮ್ಮಾ" ಅಂದರು. "ಬೇಡ ಅಣ್ಣಾ" ಅಂದೆ. ಇದು ಟ್ಯಾಂಕಿನ ಹಳೇ ಗಸಿ ಎಬ್ಬಿಸಿ ಫಿಲ್ಟರ್ ಕಟ್ಟಿಸುತ್ತದೆ, ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ಅವರ ಹೊಟ್ಟೆಪಾಡು ಆ ಇಂಜಿನ್ ಮೇಲಿದೆ.

ಮಾಡುವವರು ದಯವಿಟ್ಟು ಒಲೆಯಿಂದ ದೂರ, ಬಯಲಲ್ಲೇ ಮಾಡಿ. ಮೆಥನಾಲ್ ಬೆಂಕಿ ಹಗಲಲ್ಲಿ ಕಣ್ಣಿಗೇ ಕಾಣುವುದಿಲ್ಲ.